ತಿಮ್ಮಪ್ಪನ ಮೂರನೇ ಪೆಡಲು

ದಂಡಿಗನಹಳ್ಳಿ ಹೋಬಳಿಯಲ್ಲಿ ಕೇಳಿದವರಿಗೆ ಇಲ್ಲ ಅನ್ನದ ಮನುಷ್ಯ ಯಾರೆಂದು ವಿಚಾರಿಸಿದರೆ ಜನ ತಿಮ್ಮಪ್ಪನ ಮನೆ ಕಡೆ ಕೈ ತೋರಿಸುತ್ತಿದ್ದರು. ಅವನ ಪಿಕಪ್ ಗಾಡಿಯ ಬೀಗದ ಕೈ ಜಗಲಿಯ ಕಂಬದ ಮೊಳೆಯಲ್ಲಿ, ಯಾರ ಕೈಗಾದರೂ ಎಟುಕುವಂತೆ, ಹಗಲಿಡೀ ನೇತಾಡುತ್ತಿತ್ತು. ಯಾರಾದರೂ ಗಾಡಿಯ ಮಾತೆತ್ತಿ ಅರ್ಧ ವಾಕ್ಯ ಮುಗಿಸುವುದರೊಳಗೆ ಅವನೇ ಎದ್ದು ಅದನ್ನು ತೆಗೆದು ಕೊಡುತ್ತಿದ್ದ. "ಗಾಡಿ ನಿಮ್ದೇ ಕಣಪ್ಪ, ತಗೊಂಡೋಗಿ. ಕೇಳೋದೇನೈತೆ ಇದ್ರಲ್ಲಿ." ಹಾಲಿನ ಡೈರಿಯ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷ ಚಂದ್ರಶೇಖರಯ್ಯನವರು ಇದೇ ಕಾರಣಕ್ಕೆ ಅವನಿಗೆ ಶಾಲು ಹೊದಿಸಿ, ಪೇಟ ಇಟ್ಟು, ಮೈಕಿನಲ್ಲಿ "ಕೊಡುಗೈ ತಿಮ್ಮಪ್ಪ" ಎಂದು ಕರೆದರು. ಹೆಸರು ನಿಂತುಬಿಟ್ಟಿತು.

ಇಷ್ಟಾಗಿಯೂ ಆ ಗಾಡಿ ತಿಮ್ಮಪ್ಪನಿಲ್ಲದೆ ಊರ ಅರಳಿಕಟ್ಟೆ ದಾಟಿದ್ದನ್ನು ಕಂಡವರು ಒಬ್ಬರೂ ಇರಲಿಲ್ಲ.

ಕಾರಣ ಗೇರ್ ಬಾಕ್ಸು. ಕೊಂಡ ಹೊಸದರಲ್ಲಿ ಅದರ ಗೇರುಗಳೂ ಎಲ್ಲ ಗಾಡಿಗಳ ಗೇರುಗಳಂತೆ ಹೇಳಿದ ಜಾಗದಲ್ಲೇ ಇದ್ದವು. ವರ್ಷ ಕಳೆದ ಹಾಗೆ ಒಂದೊಂದಾಗಿ ಸ್ವಂತ ಜಾಗ ಬಿಟ್ಟು ಬೇರೆ ಕಡೆ ಬಿಡಾರ ಹೂಡಿದವು. ಒಂದನೇ ಗೇರು ಬೇಕಾದರೆ ರಾಡನ್ನು ತೊಡೆಯ ಹತ್ತಿರಕ್ಕೆ ಎಳೆದು, ಅರ್ಧ ಎತ್ತಿ, ಬೇಡವೆಂದು ಬಿಟ್ಟಂತೆ ಮಾಡಿ, ಆಮೇಲೆ ತಳ್ಳಬೇಕು. ಎರಡನೆಯದಕ್ಕೆ ಮೂರನೆಯದರ ಮನೆಗೆ ಹೋಗಿ ಬರಬೇಕು. ರಿವರ್ಸ್ ಎಲ್ಲಿದೆ ಎಂಬುದು ತಿಮ್ಮಪ್ಪನಿಗೊಬ್ಬನಿಗೇ ಗೊತ್ತು, ಅವನಿಗೂ ಬಾಯಲ್ಲಿ ಹೇಳಲು ಬಾರದು, ಕೈಗೆ ಮಾತ್ರ ಗೊತ್ತು.

ಹಾಗಾಗಿ ಬೀಗದ ಕೈ ಇಸಕೊಂಡವನು ಹುಮ್ಮಸ್ಸಿನಿಂದ ಹತ್ತಿ ಕೂತ ಕೂಡಲೇ ತಿಮ್ಮಪ್ಪ ಜಗಲಿಯ ಮೇಲೆ ಎಲೆಯಡಿಕೆ ತಟ್ಟೆ ಎಳೆದುಕೊಂಡು ಎಲೆಗೆ ಸುಣ್ಣ ಹಚ್ಚಲು ಶುರು ಮಾಡುತ್ತಿದ್ದ. ಮೊದಲು ಇಂಜಿನ್ನಿನ ಸದ್ದು. ಆಮೇಲೆ ಕಬ್ಬಿನ ಗಾಣಕ್ಕೆ ಕಲ್ಲು ಸಿಕ್ಕಿದಂಥ ಸದ್ದು. ಸ್ವಲ್ಪ ಹೊತ್ತು ಮೌನ. ಮತ್ತೆ ಅದೇ ಸದ್ದು, ಈ ಸಲ ಬೈಗುಳದ ಜೊತೆ. ಗಾಡಿ ಒಂದು ಮಾರು ಮುಂದಕ್ಕೆ ನೆಗೆದು ಆಫ್ ಆಗುವ ಹೊತ್ತಿಗೆ ಎಲೆ ಮಡಿಸಿ ಮುಗಿದಿರುತ್ತಿತ್ತು. ಬಂದವನು ಬೆವರು ಒರೆಸಿಕೊಂಡು ಇಳಿದು, ಬೀಗದ ಕೈಯನ್ನು ತಾನೇ ಮೊಳೆಗೆ ಸಿಕ್ಕಿಸುತ್ತಿದ್ದ.

"ನಿನ್ ತಪ್ಪಲ್ಲ ಕಣಪ್ಪ," ತಿಮ್ಮಪ್ಪ ಸಮಾಧಾನ ಹೇಳುತ್ತಿದ್ದ. "ನನ್ ಕೈಗೆ ಪಳಗಿದ್ದು ಅದು. ನಾನೇ ಬಂದ್ಬುಡ್ತಿದ್ದೆ, ಮೋಟ್ರಿಗೆ ಕರೆಂಟ್ ಬರೋ ಟೈಮು ನೋಡು."

ಹೋದವನು ದಾರಿಯುದ್ದ ಬೈದುಕೊಳ್ಳುತ್ತಿದ್ದುದು ತನ್ನ ಡ್ರೈವಿಂಗನ್ನೇ ಹೊರತು ತಿಮ್ಮಪ್ಪನನ್ನಲ್ಲ. ಗಾಡಿ ಮನೆ ಮುಂದೆ ಉಳಿಯಿತು, ಹೆಸರು ಹೋಬಳಿ ತುಂಬ ಓಡಾಡಿತು. ಈ ಎರಡರಲ್ಲಿ ಯಾವುದಾದರೂ ಒಂದನ್ನು ಬಿಡು ಎಂದರೂ ತಿಮ್ಮಪ್ಪನಿಗೆ ಉಸಿರು ಕಟ್ಟುತ್ತಿತ್ತು. ಅವನ ಹೆಂಡತಿ ಜಯಲಕ್ಷ್ಮಮ್ಮ ಅರಕಲಗೂಡಿನ ತವರಿಗೆ ಹೋಗಬೇಕೆಂದಾಗಲೂ ಅವನು ಇದೇ ಉದಾರತೆಯಿಂದ, "ಗಾಡಿ ನಿಂದೇ ಕಣೇ, ತಗೊಂಡೋಗು" ಅನ್ನುತ್ತಿದ್ದ. ಆಕೆ ಬ್ಯಾಗು ಎತ್ತಿಕೊಂಡು ಬಸ್ಸಿಗೆ ನಡೆಯುತ್ತಿದ್ದಳು.

ಈ ಸುಖಕ್ಕೆ ಕಲ್ಲು ಬಿದ್ದದ್ದು ಎರಡು ಕಡೆಯಿಂದ. ತಿಮ್ಮಪ್ಪನ ಎಡಗಾಲಿನ ಮಂಡಿ ಊದಿಕೊಂಡು, ಹಾಸನದ ಮೂಳೆ ಡಾಕ್ಟರು ಕ್ಲಚ್ ತುಳಿಯುವುದನ್ನು ಬಿಡಬೇಕೆಂದರು. ಅದೇ ವಾರ ಶಾಂತಿಗ್ರಾಮದ ಹತ್ತಿರ ತೆಂಗಿನಕಾಯಿ ಲೋಡಿನೊಂದಿಗೆ ಏರು ಹತ್ತುವಾಗ ಇಂಜಿನ್ನಿನ ಹೆಡ್ಡು ಸೀಳಿತು. ಮಂಡಿ, ಇಂಜಿನ್ನು ಎರಡೂ ಒಟ್ಟಿಗೇ ಕೈಕೊಟ್ಟದ್ದನ್ನು ನೋಡಿ ಮಗಳು ರೂಪಶ್ರೀ ಯಜಮಾನಿಕೆ ತನ್ನ ಕೈಗೆ ತೆಗೆದುಕೊಂಡಳು.

ರೂಪಶ್ರೀ ಹೊಳೆನರಸೀಪುರದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಪಟ್ಟಣದ ಅರ್ಧ ಹೆಂಗಸರ ಕೈಗೆ ಸ್ಟೇರಿಂಗ್ ಕೊಟ್ಟವಳು ಅವಳೇ. ಹೋದ ವರ್ಷ ಮೊಮ್ಮಗುವನ್ನು ನೋಡಿಕೊಳ್ಳಲು ಹೋಗಿದ್ದ ತಾಯಿಗೂ ತನ್ನ ಆಟೋಮ್ಯಾಟಿಕ್ ಕಾರಿನಲ್ಲಿ ಕಲಿಸಿ ಲೈಸೆನ್ಸ್ ಮಾಡಿಸಿಕೊಟ್ಟಿದ್ದಳು. ತಿಮ್ಮಪ್ಪ ಆ ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಎರಡು ಪೆಡಲಿನ ಕಾರು. ಅದೂ ಒಂದು ಓಡ್ಸೋದಾ" ಎಂದು ವಾಪಸು ಕೊಟ್ಟಿದ್ದ.

"ಹೊಸ ಗಾಡಿ ತಗೊಳಪ್ಪ," ಅಂದಳು ರೂಪಶ್ರೀ.

"ಬಾಡಿ ಗಟ್ಟಿ ಐತೆ ಕಣಮ್ಮ. ಈಗಿನವು ಎಲ್ಲಾ ಡಬ್ಬ."

ಹಾಗಾದರೆ ಬಾಡಿ ಇರಲಿ, ಒಳಗಿನದು ಬದಲಾಗಲಿ ಎಂದು ತೀರ್ಮಾನವಾಯಿತು. ಹಿರೀಸಾವೆಯ ಹತ್ತಿರ ಹೈವೇಯಲ್ಲಿ ಹಿಂದಿನಿಂದ ಟಿಪ್ಪರ್ ಗುದ್ದಿಸಿಕೊಂಡ ಒಂದು ದೊಡ್ಡ ಕಾರು ಗುಜರಿಗೆ ಬಂದಿತ್ತು. ಹಿಂಭಾಗ ಹಪ್ಪಳ, ಮುಂಭಾಗಕ್ಕೆ ಒಂದು ಗೀರೂ ಇಲ್ಲ. ಅದರ ಡೀಸೆಲ್ ಇಂಜಿನ್ನು ಮತ್ತು ಆಟೋಮ್ಯಾಟಿಕ್ ಗೇರ್ ಬಾಕ್ಸನ್ನು ರೂಪಶ್ರೀ ಮಾತಾಡಿ ತೆಗೆಸಿದಳು, ಆರ್‌ಟಿಓ ಆಫೀಸಿನ ಒಪ್ಪಿಗೆಯನ್ನೂ ತಾನೇ ಓಡಾಡಿ ತಂದಳು, ಗಾಡಿಯನ್ನು ಹಾಸನದ ಮೆಕ್ಯಾನಿಕ್ ಪರಮೇಶನ ಶೆಡ್ಡಿಗೆ ಎಳೆಸಿದಳು. ಅಪ್ಪನಿಗೆ ಹೇಳಿದ್ದು ಇಷ್ಟೇ, "ಮಂಡಿಗೆ ಒಳ್ಳೇದಾಗೋ ಹಾಗೆ ಮಾಡಿಸ್ತಿದ್ದೀನಿ."

ಪರಮೇಶ ಚಾಸಿಸ್ಸಿಗೆ ಹೊಸ ಮೌಂಟಿಂಗ್ ಬೆಸುಗೆ ಹಾಕಿದ, ಜಾಯಿಂಟ್ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿದ, ದೊಡ್ಡ ರೇಡಿಯೇಟರ್ ಕೂರಿಸಲು ಮುಂದಿನ ಜಾಲರಿಯನ್ನು ಉಬ್ಬಿಸಿದ. ಇವೆಲ್ಲ ಸುಲಭ. ಕಷ್ಟವಾದದ್ದು ಇಂಜಿನ್ನಿನ ಕಂಪ್ಯೂಟರು. ಅದು ದೊಡ್ಡ ಮನೆಯಿಂದ ಬಂದದ್ದು. ಏರ್‌ಬ್ಯಾಗ್ ಎಲ್ಲಿ, ಹಿಂದಿನ ಬಾಗಿಲು ಎಲ್ಲಿ, ಏಸಿ ಎಲ್ಲಿ ಎಂದು ದೀಪ ಮಿಟುಕಿಸಿ ಕೇಳುತ್ತ, ಉತ್ತರ ಬರುವವರೆಗೆ ಓಡುವುದಿಲ್ಲವೆಂದು ಹಠ ಹಿಡಿಯಿತು. ಪರಮೇಶ ಒಂದೊಂದು ವೈರಿನ ಬಾಯಲ್ಲೂ ಒಂದೊಂದು ಸುಳ್ಳು ಹೇಳಿಸಿ, ತಾನಿನ್ನೂ ಆ ಕಾರಿನಲ್ಲೇ ಇದ್ದೇನೆಂದು ಅದನ್ನು ನಂಬಿಸಿದ. ಕೊನೆಗೆ ದೀಪಗಳೆಲ್ಲ ಆರಿದವು.

ಗಾಡಿ ತರಲು ತಿಮ್ಮಪ್ಪ ಮಗಳ ಜೊತೆ ಹಾಸನಕ್ಕೆ ಹೋದ. ಟೀ ಲೋಟ ಹಿಡಿದುಕೊಂಡೇ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದ.

"ಪರಮೇಶಾ, ಇಲ್ಲೊಂದು ಪೆಡಲು ಬಿಟ್ಟೋಗೈತೆ."

"ಬಿಟ್ಟೋಗಿಲ್ಲ ಯಜಮಾನ್ರೇ. ಇದಕ್ಕೆ ಎರಡೇ. ಬ್ರೇಕು, ಆಕ್ಸಿಲೇಟ್ರು."

"ಗೇರು?"

"ಅದೇ ಹಾಕ್ಕೊಳುತ್ತೆ. ನೀವು ಈ ಹಿಡೀನ ‘ಡಿ’ಗೆ ಎಳ್ದು ಸುಮ್ನೆ ಕೂತ್ಕೊಳಿ."

"ಯಾರ್ ಕೂತ್ರೂ ಓಡ್ತದಾ?"

"ಯಾರ್ ಕೂತ್ರೂ ಓಡ್ತದೆ," ಪರಮೇಶ ಹೆಮ್ಮೆಯಿಂದ ಹೇಳಿದ. "ನಮ್ಮ ಶೆಡ್ಡಿಗೆ ಟೀ ತರೋ ಮಲ್ಲಿಗಮ್ಮ ಇಲ್ವಾ, ಅವರೂ ನೆನ್ನೆ ಒಂದ್ ರೌಂಡ್ ಹೊಡ್ಕೊಂಡ್ ಬಂದ್ರು."

ತಿಮ್ಮಪ್ಪ ಟೀ ಲೋಟ ಕೆಳಗಿಟ್ಟ.

"ಹೆಂಗಿದೆ ಅಪ್ಪ?" ರೂಪಶ್ರೀ ಕೇಳಿದಳು.

"ಚೆನ್ನಾಗೈತೆ," ಅಂದ. ಸಾವಿನ ಮನೆಯಲ್ಲಿ ಊಟ ಹೇಗಿತ್ತೆಂದು ಕೇಳಿದರೆ ಜನ ಆ ದನಿಯಲ್ಲಿ ಹೇಳುತ್ತಾರೆ.

ಊರು ಮುಟ್ಟುವ ಹೊತ್ತಿಗೆ ಡೈರಿ ಅಧ್ಯಕ್ಷರು ಜಗಲಿಯ ಮೇಲೆ ಕೂತಿದ್ದರು. ಚನ್ನರಾಯಪಟ್ಟಣದಿಂದ ಬೂಸಾ ಮೂಟೆ ತರಬೇಕಿತ್ತಂತೆ. ಹೊಸ ಇಂಜಿನ್ನನ್ನೂ ನೋಡಿದ ಹಾಗಾಯಿತು ಅಂದರು. ತಿಮ್ಮಪ್ಪನ ತಲೆ ಇನ್ನೂ ಯೋಚಿಸುತ್ತಿರುವಾಗಲೇ ಬಾಯಿ "ಗಾಡಿ ನಿಮ್ದೇ ಅಧ್ಯಕ್ಷರೇ" ಅಂದಾಗಿತ್ತು, ಕೈ ಬೀಗದ ಕೈ ಚಾಚಿಯಾಗಿತ್ತು. ಅಭ್ಯಾಸಬಲದಿಂದ ಎಲೆಯಡಿಕೆ ತಟ್ಟೆಯನ್ನೂ ಎಳೆದುಕೊಂಡ. ಇಂಜಿನ್ನಿನ ಸದ್ದು ಬಂತು. ಗಾಣದ ಸದ್ದಿಗಾಗಿ ಕಿವಿ ಕೊಟ್ಟ. ಬರಲಿಲ್ಲ. ಎಲೆಗೆ ಇನ್ನೂ ಸುಣ್ಣ ತಾಗಿರಲಿಲ್ಲ, ಗಾಡಿ ಬೆಣ್ಣೆಯಂತೆ ಜಾರಿಕೊಂಡು ಅರಳಿಕಟ್ಟೆ ದಾಟಿತು.

ಅಲ್ಲಿಂದ ಗಾಡಿಗೆ ಊರೂರು ಸುತ್ತುವ ಯೋಗ. ಅಧ್ಯಕ್ಷರಿಂದ ಅವರ ಷಡ್ಡಕನಿಗೆ, ಷಡ್ಡಕನಿಂದ ಶಾಮಿಯಾನದವನಿಗೆ, ಶಾಮಿಯಾನದವನಿಂದ ಯಾರಿಗೋ. ತಂದಿಟ್ಟು ಹೋದಾಗಲೆಲ್ಲ ಒಳಗೆ ಏನಾದರೊಂದು ಇರುತ್ತಿತ್ತು: ಕುರಿ ಹಿಕ್ಕೆ, ಒಂಟಿ ಚಪ್ಪಲಿ, ಸೀಟಿನಡಿಯಲ್ಲಿ ಗೋಬಿ ಮಂಚೂರಿ ಪೊಟ್ಟಣ. ಇರದಿದ್ದದ್ದು ಡೀಸೆಲ್ಲು ಮಾತ್ರ.

ಒಂದು ದಿನ ತಿಮ್ಮಪ್ಪ ಕಾಯಿ ವ್ಯಾಪಾರ ಮಾತಾಡಲು ಬಸ್ಸಿನಲ್ಲಿ ಹಿರೀಸಾವೆಗೆ ಹೊರಟಿದ್ದ. ಹಿಂದಿನಿಂದ ಒಂದು ಹಾರನ್ನು ಬಿಡದೆ ಹೊಡೆದುಕೊಂಡಿತು. ಅದು ಅವನೇ ಬೆಂಗಳೂರಿನಿಂದ ತರಿಸಿ ಹಾಕಿಸಿದ್ದ ಹಾರನ್ನು. ಬಸ್ಸು ಪಕ್ಕಕ್ಕೆ ಸರಿಯಿತು. ಪಿಕಪ್ಪು ಭುರ್ರನೆ ಮುಂದೆ ಹೋಯಿತು, ಕಂಡು ಕೇಳರಿಯದ ಒಬ್ಬ ಮನುಷ್ಯ ಕಿಟಕಿಯಿಂದ ಬಸ್ಸಿನವರಿಗೆಲ್ಲ ಕೈ ಬೀಸಿದ.

"ಯಾರ ಗಾಡಿನೋ, ಏನ್ ಪಿಕಪ್ ಐತೆ ಅಂತೀನಿ," ಪಕ್ಕದಲ್ಲಿ ಕೂತಿದ್ದ ಮುದುಕ ಹೇಳಿದ.

"ನಂದೇ."

ಮುದುಕ ತಿಮ್ಮಪ್ಪನನ್ನು ಮೇಲಿಂದ ಕೆಳಗೆ ನೋಡಿದ. "ಅಂಗಾದ್ರೆ ನೀನ್ಯಾಕಪ್ಪ ಬಸ್ಸಲ್ಲಿ?"

ತಿಮ್ಮಪ್ಪ ಹಿರೀಸಾವೆ ಬರುವವರೆಗೂ ಕಿಟಕಿಯಾಚೆ ನೋಡಿದ.

ಇಲ್ಲ ಎಂದು ಹೇಳಿಬಿಟ್ಟರಾಯಿತು ಎಂದು ಓದುಗರಿಗೆ ಅನ್ನಿಸಬಹುದು. ತಿಮ್ಮಪ್ಪನಿಗೂ ಅನ್ನಿಸಿತು. ತೋಟಕ್ಕೆ ಹೋಗಿ ಅಭ್ಯಾಸ ಮಾಡಿದ. ಒಂದು ತೆಂಗಿನಮರವನ್ನು ಚಂದ್ರಶೇಖರಯ್ಯ ಎಂದುಕೊಂಡು ಎದುರು ನಿಂತು, ಗಂಟಲು ಸರಿ ಮಾಡಿಕೊಂಡು, "ಇವತ್ತು ಗಾಡಿ..." ಎಂದು ಶುರು ಮಾಡಿದ. ಮರ ಸುಮ್ಮನೆ ನೋಡುತ್ತಿತ್ತು. ಶಾಲು, ಪೇಟ, ಮೈಕು ಎಲ್ಲ ಕಣ್ಣ ಮುಂದೆ ಬಂದವು. "...ತಗೊಂಡೋಗಿ ಅಧ್ಯಕ್ಷರೇ" ಎಂದು ಮರಕ್ಕೆ ಹೇಳಿ ಮನೆಗೆ ಬಂದ.

ಮರುದಿನ ಗಾಡಿ ಕೈಗೆ ಸಿಕ್ಕಿದ್ದೇ ತಡ, ಮಗಳಿಗೆ ಹೇಳದೆ ನೇರ ಹಾಸನಕ್ಕೆ ಬಿಟ್ಟ.

"ಪರಮೇಶಾ, ಇದಕ್ಕೊಂದು ಪೆಡಲು ಹಾಕು."

"ಕ್ಲಚ್ಚೇ ಇಲ್ದ ಗಾಡಿಗೆ ಕ್ಲಚ್ಚಾ ಯಜಮಾನ್ರೇ?"

"ಕ್ಲಚ್ಚಲ್ಲ ಕಣಯ್ಯ. ಪೆಡಲು. ಬರೀ ಪೆಡಲು. ಹಳೇ ಗೇರ್ ರಾಡೂ ಐತಲ್ಲ, ಅದನ್ನೂ ಅಲ್ಲೇ ನಿಲ್ಸು."

"ಯಾವ್ದಕ್ಕೆ ಕನೆಕ್ಷನ್ ಕೊಡ್ಲಿ?"

"ಯಾವ್ದಕ್ಕೂ ಬ್ಯಾಡ."

"ಅವು ಏನ್ ಮಾಡ್ಬೇಕು?"

"ಏನೂ ಮಾಡ್ಬಾರ್ದು."

ಪರಮೇಶ ಸ್ಪ್ಯಾನರ್ ಕೆಳಗಿಟ್ಟು ತಿಮ್ಮಪ್ಪನ ಮುಖ ನೋಡಿದ. ಕಂಪ್ಯೂಟರಿಗೆ ಅಷ್ಟೊಂದು ಸುಳ್ಳು ಹೇಳಿಸಿ ಕೈ ಪಳಗಿದವನು. ನಿಧಾನವಾಗಿ ಅವನ ಮುಖ ಬೆಳಗಿತು. "ಸದ್ದು ಬೇಡ್ವಾ ಯಜಮಾನ್ರೇ?" ಎಂದು ಅವನೇ ಕೇಳಿದ.

ಸದ್ದು ಬೇಕಿತ್ತು. ಪರಮೇಶ ಒಂದು ಹಳೇ ಸೈಕಲ್ಲಿನ ಫ್ರೀವೀಲು ತಂದು ರಾಡಿನ ಬುಡಕ್ಕೆ ಕೂರಿಸಿ, ತಗಡಿನ ಒಂದು ತುಂಡು ಅದರ ಹಲ್ಲಿಗೆ ತಾಗುವಂತೆ ಮಾಡಿದ. ರಾಡು ಅಲುಗಿಸಿದರೆ ಕರಕರಕರ ಎಂಬ ಸದ್ದು. ಪೆಡಲಿಗೆ ಒಂದು ಗಡುಸು ಸ್ಪ್ರಿಂಗು. ನಿಜವಾದ ಗೇರಿನ ಹಿಡಿಯನ್ನು ಡ್ರೈವರ್ ಸೀಟಿನ ಎಡಕ್ಕೆ, ಸ್ಪ್ಯಾನರ್ ಇಡುವ ಮರದ ಪೆಟ್ಟಿಗೆಯೊಳಗೆ ಇಳಿಸಿ, ಮೇಲೆ ತಿಮ್ಮಪ್ಪನ ಹಳೇ ಟವಲು ಹೊದಿಸಿದ. ಟವಲಿನ ಕೆಳಗೆ ಕೈ ಹಾಕಿ ಹಿಡಿಯನ್ನು ಎಳೆಯದೆ ಇದ್ದರೆ ಗಾಡಿ ಎಷ್ಟು ಅರಚಿದರೂ ನಿಂತಲ್ಲೇ ನಿಂತಿರುತ್ತಿತ್ತು.

"ಆಟೋಮ್ಯಾಟಿಕ್ಕು ನಮ್ಮ ರಸ್ತೆಗೆ ಒಗ್ಗಲಿಲ್ಲ ಕಣ್ರಪ್ಪ," ತಿಮ್ಮಪ್ಪ ಊರಿಗೆಲ್ಲ ಹೇಳಿದ. ಮನೆಯಲ್ಲೂ ಅದನ್ನೇ ಹೇಳಿದ. "ಹಳೇ ಗೇರ್ ಬಾಕ್ಸನ್ನೇ ಹಾಕ್ಸ್‌ದೆ." ಬೀಗದ ಕೈ ಮತ್ತೆ ಮೊಳೆಗೆ ಬಂತು, ಎಲೆಯಡಿಕೆ ತಟ್ಟೆ ಮತ್ತೆ ಮುಂದೆ ಬಂತು. ಮೊದಲು ಬಂದ ಶಾಮಿಯಾನದವನು ಬಹಳ ಹೊತ್ತು ಕರಕರಗುಟ್ಟಿಸಿ ಇಳಿದು ಬಂದಾಗ ತಿಮ್ಮಪ್ಪನಿಗೆ ಕಳೆದುಹೋದ ಹಸು ಕೊಟ್ಟಿಗೆಗೆ ಬಂದಷ್ಟು ಸಂತೋಷವಾಯಿತು.

ಆದರೆ ಈಗ ಅವನಿಗೊಂದು ಹೊಸ ಉದ್ಯೋಗ ಗಂಟು ಬಿದ್ದಿತ್ತು. ಊರವರ ಕಣ್ಣ ಮುಂದೆ ಗಾಡಿ ಓಡಿಸುವಾಗಲೆಲ್ಲ ಇಲ್ಲದ ಕ್ಲಚ್ಚು ತುಳಿಯಬೇಕು, ಇಲ್ಲದ ಗೇರು ಹಾಕಬೇಕು. ಗಾಡಿಯೇನೋ ತನ್ನ ಪಾಡಿಗೆ ತಾನು ಗೇರು ಬದಲಿಸಿಕೊಳ್ಳುತ್ತಿತ್ತು, ಇವನ ಆಟ ಅದಕ್ಕೆ ತಾಳ ತಪ್ಪುತ್ತಿತ್ತು. ಗಾಡಿ ನಾಲ್ಕರಲ್ಲಿದ್ದಾಗ ಇವನು ಎರಡಕ್ಕೆ ಒದ್ದಾಡುತ್ತಿದ್ದ. ಕ್ರಮೇಣ ಆಟದಲ್ಲಿ ಎಷ್ಟು ಮುಳುಗಿದನೆಂದರೆ, ನೋಡುವವರು ಇಲ್ಲದ ತೋಟದ ದಾರಿಯಲ್ಲೂ ಹಲ್ಲು ಕಚ್ಚಿಕೊಂಡು ತುಳಿಯುತ್ತಿದ್ದ. ಪರಮೇಶನ ಸ್ಪ್ರಿಂಗು ಹಳೇ ಕ್ಲಚ್ಚಿಗಿಂತ ಗಡುಸಾಗಿತ್ತು. ಮಂಡಿ ಮತ್ತೆ ಊದಿತು.

ಜಯಲಕ್ಷ್ಮಮ್ಮ ಸಂಜೆ ಬೆಚ್ಚಗೆ ಹರಳೆಣ್ಣೆ ಹಚ್ಚಿ ಉಜ್ಜುತ್ತಿದ್ದಳು. ಆಕೆ ಮಾತು ಕಡಿಮೆ, ಕಿವಿ ಜಾಸ್ತಿ. ಹಾಲು ಉಕ್ಕುವ ಮುಂಚಿನ ಸದ್ದು ಹಿತ್ತಿಲಲ್ಲಿದ್ದರೂ ಆಕೆಗೆ ಕೇಳುತ್ತಿತ್ತು. ಗಾಡಿಯ ಸದ್ದಿನಲ್ಲೂ ಏನೋ ಸರಿಯಿಲ್ಲ ಅನ್ನಿಸಿತ್ತು, ಏನೆಂದು ಗೊತ್ತಾಗಿರಲಿಲ್ಲ.

ಗೊತ್ತಾದದ್ದು ಹೊಳೆನರಸೀಪುರದ ಸೇತುವೆಯ ಮೇಲೆ. ಮಗಳ ಮನೆಗೆ ಕಾಯಿ ಕೊಟ್ಟು ಇಬ್ಬರೂ ವಾಪಸು ಬರುತ್ತಿದ್ದರು. ಎಮ್ಮೆಗಳ ಹಿಂಡೊಂದು ಅಡ್ಡ ಬಂದು ಗಾಡಿ ನಿಲ್ಲಿಸಬೇಕಾಯಿತು. ಎಮ್ಮೆ ಕಾಯುವವನು ತಿಮ್ಮಪ್ಪನ ಗುರುತಿನವನು. ಕಿಟಕಿಯಿಂದ ತಲೆ ಹೊರಗೆ ಹಾಕಿ ಮಳೆ, ಬೆಳೆ, ಆಲೂಗೆಡ್ಡೆ ರೇಟು ಮಾತಾಡುತ್ತ ತಿಮ್ಮಪ್ಪ ಮೈಮರೆತ. ದಾರಿ ತೆರವಾದ ಕೂಡಲೇ ಬ್ರೇಕಿನಿಂದ ಕಾಲೆತ್ತಿದ. ಗಾಡಿ ಹೊರಟಿತು. ರಾಡು ನಡುವೆ ನೆಟ್ಟಗೆ ನಿಂತಿತ್ತು. ಎಡಗಾಲು ಚಪ್ಪಲಿ ಬಿಟ್ಟು ಆರಾಮಾಗಿ ಚಾಚಿಕೊಂಡಿತ್ತು. ಸೇತುವೆ ದಾಟಿದ ಮೇಲೆ ಅವನಿಗೆ ನೆನಪಾಗಿ, ಗಡಿಬಿಡಿಯಿಂದ ಪೆಡಲು ತುಳಿದು ಒಂದು, ಎರಡು, ಮೂರು ಗೇರುಗಳನ್ನು ಒಟ್ಟಿಗೇ ಹಾಕಿ ಮುಗಿಸಿದ.

ಜಯಲಕ್ಷ್ಮಮ್ಮ ಹೊಳೆಯ ಕಡೆ ನೋಡುತ್ತ ಕೂತಿದ್ದಳು.

ಮರುದಿನ ಮಧ್ಯಾಹ್ನ ಅವನು ಊಟ ಮಾಡಿ ಅಡ್ಡಾದಾಗ ಆಕೆ ಗಾಡಿ ಹತ್ತಿ ಕೂತಳು. ಪೆಡಲು ತುಳಿದಳು. ರಾಡು ಹಿಡಿದು ಮೆಲ್ಲಗೆ ಅಲುಗಿಸಿ, ಸದ್ದು ಎಲ್ಲಿಂದ ಬರುತ್ತದೆಂದು ಕಿವಿ ಕೊಟ್ಟು ಕೇಳಿದಳು. ಸೈಕಲ್ಲಿನ ಸದ್ದು. ಆಮೇಲೆ ಪೆಟ್ಟಿಗೆಯ ಟವಲು ಎತ್ತಿದಳು. ಮಗಳ ಕಾರಿನಲ್ಲಿದ್ದ ಅದೇ ಅಕ್ಷರಗಳು ಸಾಲಾಗಿ ಕೂತು ಆಕೆಯನ್ನು ನೋಡುತ್ತಿದ್ದವು. ಟವಲನ್ನು ಹೇಗಿತ್ತೋ ಹಾಗೆ ಹೊದಿಸಿ, ಒಳಗೆ ಹೋಗಿ ಹುರುಳಿ ಸಾರಿಗೆ ಒಗ್ಗರಣೆ ಹಾಕಿದಳು.

ಅಂದು ಸಂಜೆ ಎಣ್ಣೆ ಉಜ್ಜುವಾಗ ಕೇಳಿದಳು, "ಈ ನೋವು ಯಾಕ್ ಹೋಗ್ತಿಲ್ಲ?"

"ಕ್ಲಚ್ಚು ಕಣೇ. ಗಟ್ಟಿ ಐತೆ."

"ಓ, ಕ್ಲಚ್ಚಾ," ಎಂದು ಜಯಲಕ್ಷ್ಮಮ್ಮ ನೋವಿರುವ ಜಾಗವನ್ನೇ ಹುಡುಕಿ ಒತ್ತಿದಳು.

ಹೀಗಿರುವ ಹೊತ್ತಿಗೆ ಅರಕಲಗೂಡಿನಿಂದ ಆಕೆಯ ತಮ್ಮ ಮೋಹನ್‌ಕುಮಾರ ಬಂದ. ಅವನ ಮಗಳು ಬಿಂದುಶ್ರೀಯ ಮದುವೆ ಮುಗಿದು ಬೀಗರ ಊಟ ಇಟ್ಟುಕೊಂಡಿದ್ದ. ಗಂಡಿನ ಕಡೆಯವರು ಮರ್ಯಾದೆಗಿಂತ ಮಾಂಸ ಮುಖ್ಯ ಅನ್ನುವ ಜನ. ಕೊಪ್ಪರಿಗೆ, ಸೌದೆ, ಕುರಿ ಸಾಗಿಸಲು ಎರಡು ದಿನ ಪಿಕಪ್ಪು ಬೇಕಿತ್ತು. ಗಾಡಿಯ ಖ್ಯಾತಿ ಗೊತ್ತಿದ್ದವನಾದ್ದರಿಂದ ಅವನು ಖಾಲಿ ಕೈಯಲ್ಲಿ ಬಂದಿರಲಿಲ್ಲ. ಜೊತೆಗೆ ರುದ್ರೇಶ ಎಂಬ ಸರ್ಕಾರಿ ಬಸ್ಸಿನ ಡ್ರೈವರನ್ನು ಕರೆತಂದಿದ್ದ.

"ಡಿಪೋದಲ್ಲಿ ಯಾರೂ ಮುಟ್ಟದ ಬಸ್ಸುಗಳನ್ನ ಇವ್ರಿಗೇ ಕೊಡೋದು ಭಾವ," ಅಂದ ಮೋಹನ್‌ಕುಮಾರ. "ನಿಮ್ ಗಾಡಿ ಏನ್ ಲೆಕ್ಕ."

ಗಾಡಿಯ ಮಾತು ಕೇಳಿ ನಾಲ್ಕಾರು ಜನ ಸೇರಿದ್ದರು, ಡೈರಿ ಅಧ್ಯಕ್ಷರೂ ಇದ್ದರು. ತಿಮ್ಮಪ್ಪ ಎಲ್ಲರಿಗೂ ಕಾಣುವಂತೆ ಬೀಗದ ಕೈ ಎತ್ತಿ ಕೊಟ್ಟ. "ಬಾಮೈದನ ಮಗಳಂದ್ರೆ ನನ್ ಮಗಳಲ್ವಾ. ಎರಡ್ ದಿನ ಯಾಕೆ, ವಾರ ಇಟ್ಕೊ. ಗಾಡಿ ನಿಂದೇ." ತಟ್ಟೆ ಎಳೆದುಕೊಂಡ.

ರುದ್ರೇಶ ಹತ್ತಿ ಕೂತು ಎಲ್ಲರ ಹಾಗೆ ಅವಸರ ಮಾಡಲಿಲ್ಲ. ಒಂದು ಸಲ ಕರಕರ ಅನ್ನಿಸಿದ. ಕೈ ತೆಗೆದ. ಪೆಡಲನ್ನು ನಿಧಾನವಾಗಿ ತುಳಿದು, ನಿಧಾನವಾಗಿ ಬಿಟ್ಟ. ಮತ್ತೆ ತುಳಿದು ಬಿಟ್ಟ. ಹುಬ್ಬು ಗಂಟಿಕ್ಕಿತು.

"ಯಜಮಾನ್ರೇ, ಈ ಪೆಡಲು ಏನನ್ನೂ ಹಿಡೀತಾನೇ ಇಲ್ವಲ್ಲ."

"ಅದು ಮೇಲ್ಗಡೆ ಹಿಡೀತದೆ," ಅಂದ ತಿಮ್ಮಪ್ಪ. ಎಲೆಯ ಮೇಲಿದ್ದ ಬೆರಳು ನಿಂತಿತು.

"ಮೇಲ್ಗಡೆನೂ ನೋಡ್ದೆ. ಗೇರ್ ಬಾಕ್ಸಿನ ಸದ್ದೂ ಅಲ್ಲ ಇದು. ಇಂಜಿನ್ ಆಫ್ ಮಾಡಿದ್ರೂ ಬರ್ತಾ ಐತೆ." ರುದ್ರೇಶ ಇಂಜಿನ್ ಆರಿಸಿ ರಾಡು ಅಲುಗಿಸಿ ತೋರಿಸಿದ. ಕರಕರಕರ. "ಬ್ಯಾಟ್ರಿ ತಗೊಂಡ್ ಬನ್ನಿ ಮೋಹನಣ್ಣ, ಕೆಳಗೆ ಬಗ್ಗಿ ನೋಡಾನ."

ಅಧ್ಯಕ್ಷರೂ ಕುತೂಹಲದಿಂದ ಎದ್ದರು. ತಿಮ್ಮಪ್ಪ ಕೂತಲ್ಲೇ ಕೂತಿದ್ದ. ಎಲೆಗೆ ಹಚ್ಚಿದ ಸುಣ್ಣ ಎಷ್ಟಾಗಿತ್ತೆಂದರೆ ಅದನ್ನು ಬಾಯಿಗೆ ಹಾಕಿದ್ದರೆ ನಾಲಿಗೆ ಉಳಿಯುತ್ತಿರಲಿಲ್ಲ. ಶಾಲು ಹೊದಿಸಿದ ಕೈಗಳೇ ಇನ್ನು ಸ್ವಲ್ಪ ಹೊತ್ತಿಗೆ ಆ ಸೈಕಲ್ ಫ್ರೀವೀಲನ್ನು ಎತ್ತಿ ಹಿಡಿದು ಊರಿಗೆ ತೋರಿಸುತ್ತವೆ ಎಂಬುದು ಅವನಿಗೆ ಚೆನ್ನಾಗಿ ಕಾಣುತ್ತಿತ್ತು.

"ಇಳೀರಿ ರುದ್ರೇಶಣ್ಣ," ಜಯಲಕ್ಷ್ಮಮ್ಮ ಒಳಗಿನಿಂದ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. "ಅದು ಹೊಸಬ್ರಿಗೆ ಬಗ್ಗಲ್ಲ. ನಾನೊಂದ್ ಕಿತ ನೋಡ್ತೀನಿ."

"ನೀನಾ ಅಕ್ಕ?" ಅಂದ ಮೋಹನ್‌ಕುಮಾರ.

"ಯಾಕ್ಲಾ, ನಾನ್ ನೋಡ್ಬಾರ್ದಾ?"

ಆಕೆ ಹತ್ತಿ ಕೂತು, ಬಾಗಿಲು ಹಾಕಿಕೊಂಡು ಇಂಜಿನ್ ಶುರು ಮಾಡಿದಳು. ಸೀರೆ ನೆರಿಗೆ ಸರಿ ಮಾಡಿಕೊಂಡಳು, ಪಕ್ಕದ ಪೆಟ್ಟಿಗೆಯ ಮೇಲಿನ ಟವಲನ್ನೂ ಸರಿ ಮಾಡಿದಳು. ಬ್ರೇಕಿನ ಮೇಲೆ ಬಲಗಾಲು ಗಟ್ಟಿಯಾಗಿ ಊರಿತ್ತು. ಎಡಗಾಲಿನಿಂದ ಪೆಡಲು ಒತ್ತಿ, ರಾಡನ್ನು ತೊಡೆಯ ಹತ್ತಿರಕ್ಕೆ ಎಳೆದು, ಅರ್ಧ ಎತ್ತಿ, ಬೇಡವೆಂದು ಬಿಟ್ಟಂತೆ ಮಾಡಿ ತಳ್ಳಿದಳು. ಕರಕರಕರ. ಸದ್ದು ನಿಲ್ಲುವುದಕ್ಕೂ ಗಾಡಿ ಹೊರಡುವುದಕ್ಕೂ ಸರಿಹೋಯಿತು. ತಾಳ ಎಳ್ಳಷ್ಟೂ ತಪ್ಪಲಿಲ್ಲ. ಅಂಗಳದಲ್ಲಿ ಒಂದು ಸುತ್ತು ಹಾಕಿ ಅಧ್ಯಕ್ಷರ ಕಾಲ ಬುಡದಲ್ಲಿ ನಿಲ್ಲಿಸಿದಳು.

ರುದ್ರೇಶ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಮ್ ಡಿಪೋದಲ್ಲಿರ್ಬೇಕಿತ್ತು ಈಯಮ್ಮ," ಅಂದ. ಬ್ಯಾಟ್ರಿ ಯಾರಿಗೂ ಬೇಕಾಗಲಿಲ್ಲ.

"ಎರಡ್ ದಿನ ನಾನೇ ಓಡಿಸ್ತೀನಿ," ಜಯಲಕ್ಷ್ಮಮ್ಮ ಕಿಟಕಿಯಿಂದ ಹೇಳಿದಳು. "ಇವ್ರು ನಿಂದೇ ಅಂದ್ರಲ್ಲ, ಅಷ್ಟೇ ಸಾಕು." ಗಂಡನ ಕಡೆ ತಿರುಗಿದಳು. "ಹತ್ತಿ, ನೀವೂ ಬನ್ನಿ."

ತಿಮ್ಮಪ್ಪ ಹೋಗಿ ಪಕ್ಕದ ಸೀಟಿನಲ್ಲಿ ಕೂತ. ಮೋಹನ್‌ಕುಮಾರ, ರುದ್ರೇಶ ಹಿಂದೆ ಬೈಕಿನಲ್ಲಿ ಬಂದರು. ಊರು ದಾಟುವವರೆಗೆ ಆಕೆ ಕರಕರ ಅನ್ನಿಸಿ, ಆಮೇಲೆ ರಾಡಿನಿಂದ ಕೈ ತೆಗೆದು ಎರಡು ಕೈಯಲ್ಲಿ ಸ್ಟೇರಿಂಗ್ ಹಿಡಿದಳು. ಗಾಡಿ ತನ್ನ ಪಾಡಿಗೆ ಓಡಿತು.

"ಯಾವಾಗಿಂದ ಗೊತ್ತು?" ತಿಮ್ಮಪ್ಪ ಕೊನೆಗೆ ಕೇಳಿದ.

"ಎಮ್ಮೆ ಅಡ್ಡ ಬಂದಾಗಿಂದ."

"ಯಾರ್ಗಾರ ಹೇಳ್ದ್ಯಾ?"

"ಹೇಳೋದಾಗಿದ್ರೆ ಈಗ ಯಾಕ್ ಹತ್ತಿ ಕೂರ್ತಿದ್ದೆ? ಗಾಡೀನೂ ನಮ್ದು, ಮಾನಾನೂ ನಮ್ದು." ಒಂದು ತಿರುವು ನಿಧಾನಕ್ಕೆ ತಿರುಗಿಸಿದಳು. "ಖಾಲಿ ರಸ್ತೇಲೂ ತುಳೀತಿದ್ರಲ್ಲ, ಅದ್ಯಾಕೆ?"

"ಅಭ್ಯಾಸ ಆಗ್ಬುಟ್ಟಿತ್ತು."

ಆಕೆ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. "ಬೀಗದ ಕೈ ಇನ್ಮೇಲೆ ಮೊಳೇಲಿರಲ್ಲ," ಅಂದಳು. ತಿಮ್ಮಪ್ಪ ಮಂಡಿ ಸವರಿಕೊಂಡ. ಹೊಳೆನರಸೀಪುರದ ಪೇಟೆ ಬಂದಾಗ ನೋಡುವವರಿಗಾಗಿ ಆಕೆ ಮತ್ತೆ ನಾಲ್ಕು ಸಲ ಕರಕರ ಅನ್ನಿಸಿದಳು, ಮಗಳ ಡ್ರೈವಿಂಗ್ ಸ್ಕೂಲಿನ ಮುಂದೆ ಮಾತ್ರ ಅನ್ನಿಸಲಿಲ್ಲ.

ಅರಕಲಗೂಡಿನಲ್ಲಿ ಎರಡು ದಿನ ಆಕೆ ಕೊಪ್ಪರಿಗೆ ಸಾಗಿಸಿದಳು, ಸೌದೆ ಸಾಗಿಸಿದಳು, ಕುರಿಗಳನ್ನು ಸಾಗಿಸಿದಳು. ತವರಿನ ಬೀದಿಯಲ್ಲಿ ಕಾರಣವಿಲ್ಲದೆಯೂ ಒಂದೆರಡು ಸಲ ಹೋಗಿ ಬಂದಳು. ಊಟದ ಪಂಕ್ತಿಯಲ್ಲಿ ತಿಮ್ಮಪ್ಪನನ್ನು ಬೀಗರ ಸಾಲಿನಲ್ಲೇ ಕೂರಿಸಿ ನಲ್ಲಿ ಮೂಳೆ ಹುಡುಕಿ ಹುಡುಕಿ ಬಡಿಸಿದರು. ಗಾಡಿ ಕೊಡುವವರು ಇರುತ್ತಾರೆ, ಓಡಿಸಲು ಹೆಂಡತಿಯನ್ನೂ ಕೊಡುವವರು ಎಲ್ಲಿ ಎಂದು ಗಂಡಿನ ಕಡೆಯ ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ ಹೇಳಿದರು. ತಿಮ್ಮಪ್ಪ ತಲೆ ತಗ್ಗಿಸಿ ಮೂಳೆ ಚೀಪಿದ. ಅದನ್ನು ವಿನಯ ಎಂದುಕೊಂಡರು.

ವಾಪಸು ಬಂದ ವಾರದೊಳಗೆ ಚಂದ್ರಶೇಖರಯ್ಯನವರು ಮತ್ತೆ ಜಗಲಿಗೆ ಬಂದರು. ಬೂಸಾ ಮೂಟೆ ಖಾಲಿಯಾಗಿದ್ದವು. ಗಾಡಿ ಕೊಟ್ಟರೆ ರುದ್ರೇಶನಂಥ ಯಾರನ್ನಾದರೂ ಹುಡುಕಿ ಪ್ರಯತ್ನ ಮಾಡಿಸುವುದಾಗಿ ಹೇಳಿದರು.

"ಗಾಡಿ ನಿಮ್ದೇ ಅಧ್ಯಕ್ಷರೇ," ಎಂದು ಎದ್ದ ತಿಮ್ಮಪ್ಪನ ಕೈ ಖಾಲಿ ಮೊಳೆಯನ್ನು ಮುಟ್ಟಿತು. ಒಂದು ಕ್ಷಣ ಅಲ್ಲೇ ನಿಂತಿತು. "ಬೀಗದ ಕೈ ಒಳಗೈತೆ. ಅವಳತ್ರ ಇಸ್ಕೊಳಿ."

ಅಧ್ಯಕ್ಷರು ಒಳಗೆ ಹೋದರು. ತಿಮ್ಮಪ್ಪ ಎಲೆಯಡಿಕೆ ತಟ್ಟೆ ಎಳೆದುಕೊಂಡು, ಒಂದು ಎಲೆಯ ತೊಟ್ಟು ಮುರಿದು, ಕಿವಿ ಒಳಗಿಟ್ಟ.

"ಇಲ್ಲ ಅಧ್ಯಕ್ಷರೇ, ಗಾಡಿ ಕೊಡಕ್ಕಾಗಲ್ಲ," ಜಯಲಕ್ಷ್ಮಮ್ಮನ ದನಿ. "ಕೂತ್ಕೊಳಿ, ಕಾಫಿ ಆಗ್ತಾ ಐತೆ."

"ಅಂಗಾ. ಸರಿ ಬುಡಮ್ಮ. ಸಕ್ಕರೆ ಒಸಿ ಕಮ್ಮಿ ಹಾಕು."

ತಿಮ್ಮಪ್ಪ ಇನ್ನೂ ಸ್ವಲ್ಪ ಹೊತ್ತು ಕಾದ. ಮನೆಯ ಹೆಂಚು ಬೀಳಲಿಲ್ಲ, ಶಾಲು ಕೇಳಿ ವಾಪಸು ಪಡೆಯಲು ಯಾರೂ ಬರಲಿಲ್ಲ. ಒಳಗೆ ಲೋಟಕ್ಕೆ ಚಮಚೆ ತಾಗುವ ಸದ್ದು ಮಾತ್ರ. ಅಷ್ಟು ಸಣ್ಣ ಮಾತೊಂದನ್ನು ಆಡದೆ ತಪ್ಪಿಸಿಕೊಳ್ಳಲು ತಾನು ಎಷ್ಟು ಕಬ್ಬಿಣ ಖರ್ಚು ಮಾಡಿದೆ ಎಂದು ಯೋಚಿಸಿದನೋ ಏನೋ, ಗಾಡಿಯ ಕಡೆ ಒಮ್ಮೆ ನೋಡಿದ.

ಅಧ್ಯಕ್ಷರು ಕಾಫಿ ಲೋಟ ಹಿಡಿದು ಹೊರಗೆ ಬಂದು ಅವನ ಪಕ್ಕ ಕೂತು, ದನಿ ತಗ್ಗಿಸಿದರು. "ನೀನ್ ಕೊಡೋನೇ ಕಣಯ್ಯ ತಿಮ್ಮಪ್ಪ, ನಂಗೊತ್ತು. ಏನ್ ಮಾಡಕ್ಕಾಗ್ತದೆ, ಎಲ್ಲಾರ ಮನೇಲೂ ಇದೇ."

"ಊಂ," ಎಂದು ತಿಮ್ಮಪ್ಪ ನಿಟ್ಟುಸಿರು ಬಿಟ್ಟು ಎಲೆಗೆ ಹದವಾಗಿ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಸಿ ಅಧ್ಯಕ್ಷರ ಕೈಗೆ ಕೊಟ್ಟ.